ಮೊಮ್ಮಗನ ಲೆಡ್ಜರಿನಲ್ಲಿ ಚಾಂಪಿಯನ್ನರು

ಹೋದ ವರ್ಷ ದಸರಾ ಮುಗಿಸಿಕೊಂಡು ನಾನೂ ನನ್ನ ಮನೆಯಾಕೆಯೂ ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಅದು ಎಲೆ ಉದುರುವ ಕಾಲ. ಫುಟ್‌ಬಾಲ್ ಕಾಲವೂ ಹೌದು. ಶನಿವಾರ ಬಂತೆಂದರೆ ಅಳಿಯ ಹಸಿರು ಬಣ್ಣದ ಅಂಗಿ ತೊಟ್ಟು ಟಿವಿ ಮುಂದೆ ಕುಳಿತುಬಿಡುತ್ತಾನೆ. ಅವನು ಓದಿದ್ದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಹಸಿರು ಅವರ ಬಣ್ಣ. ಹನ್ನೊಂದು ವರ್ಷದ ಮೊಮ್ಮಗನಿಗೂ ಅಪ್ಪನ ಹುಚ್ಚೇ ಹಿಡಿದಿದೆ.

ಆದರೆ ಮೊಮ್ಮಗನ ಹುಚ್ಚಿಗೆ ಇನ್ನೊಂದು ಕವಲಿದೆ. ಅವನ ಹತ್ತಿರ ಉದ್ದನೆಯದೊಂದು ನೋಟುಬುಕ್ಕು. ಎಡಗಡೆ ಇಸವಿ, ನಡುವೆ ‘ನಿಜವಾದ ಚಾಂಪಿಯನ್’, ಬಲಗಡೆ ‘ನನ್ನ ಚಾಂಪಿಯನ್’. ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗೆರೆ ಹಾಕಿದ ಪುಸ್ತಕಗಳ ಜೊತೆ ಕಳೆದವನು. ಕಾಲಂ ಕಂಡರೆ ಕೈ ಸುಮ್ಮನಿರುವುದಿಲ್ಲ. “ಏನೋ ಇದು ಲೆಡ್ಜರು?” ಎಂದೆ.

“ಅಜ್ಜ, ಯಾವಾಗಲೂ ಅವೇ ನಾಲ್ಕು ಟೀಮ್ ಗೆಲ್ಲುತ್ತವೆ. ಬೇರೆಯವರಿಗೂ ಸಿಗಬೇಕಲ್ಲ? ಅದಕ್ಕೇ ನಾನು ಎಲ್ಲ ವರ್ಷದ್ದೂ ಮತ್ತೆ ಹಂಚುತ್ತಿದ್ದೇನೆ” ಎಂದ.

ಹಂಚುವುದೆಂದರೆ? ಆಡಿ ಮುಗಿದ ಪಂದ್ಯವನ್ನು ಬದಲಿಸಲು ಬರುತ್ತದೆಯೇ? ನಾನು ಹಾಗೆ ಕೇಳಿದ್ದಕ್ಕೆ ಅವನು ನಕ್ಕ. ಯಾಕೆ ನಕ್ಕನೆಂದು ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು.

ಇದು ನಾವು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಚೆಂಡು ಎರಡೂ ತುದಿಯಲ್ಲಿ ಚೂಪು. ಹೆಚ್ಚಿನಂಶ ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ‘ಡೌನ್’ ಎಂದು ಹೆಸರು. ನಾಲ್ಕರಲ್ಲಿ ಆಗದಿದ್ದರೆ ಚೆಂಡು ಎದುರಾಳಿಗೆ. ಈ ‘ನಾಲ್ಕು’ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಾಲೇಜುಗಳ ನಡುವಿನ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯಲ್ಲಿ. ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ನನ್ನು 6-4ರಿಂದ ಸೋಲಿಸಿತು.

ಪಟ್ಟ ಕಟ್ಟುವವರು ಯಾರು?

ಅಂದಿನಿಂದ ಒಂದೂವರೆ ಶತಮಾನ ಕಳೆದರೂ, ಈ ಆಟದ ಅತ್ಯುನ್ನತ ದರ್ಜೆಯಲ್ಲಿ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆ ತಾನಾಗಿ ಯಾವ ತಂಡಕ್ಕೂ ಚಾಂಪಿಯನ್ ಪಟ್ಟ ಕಟ್ಟಿಲ್ಲ. ನಮ್ಮ ರಣಜಿ ಟ್ರೋಫಿಗೆ ಒಂದು ಫೈನಲ್ ಇದೆ, ಗೆದ್ದವರು ಚಾಂಪಿಯನ್ನರು, ಮಾತು ಮುಗಿಯಿತು. ಇಲ್ಲಿ ಹಾಗಲ್ಲ. ಈಗ ನೂರಮೂವತ್ತಕ್ಕೂ ಹೆಚ್ಚು ತಂಡಗಳಿವೆ, ಒಂದೊಂದೂ ಒಂದು ಹಂಗಾಮಿನಲ್ಲಿ ಆಡುವುದು ಹನ್ನೆರಡು ಪಂದ್ಯದ ಆಸುಪಾಸು. ಎಲ್ಲರೂ ಎಲ್ಲರ ಮೇಲೆ ಆಡುವುದು ಕನಸಿನ ಮಾತು. ಹಾಗಾಗಿ ಬಹಳ ಕಾಲ ಚಾಂಪಿಯನ್ನರನ್ನು ಆರಿಸುತ್ತಿದ್ದದ್ದು ಮತ ಹಾಕಿ. 1926ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರೊಫೆಸರ್ ಫ್ರಾಂಕ್ ಡಿಕಿನ್ಸನ್ ಅಂಕಗಳ ಒಂದು ಸೂತ್ರವನ್ನೇ ಮಾಡಿದರು. (ಬಿ.ಕಾಂ. ಓದಿದ ನನಗೆ ಈ ಮನುಷ್ಯ ಬಹಳ ಇಷ್ಟವಾದರು.) 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕ್ರೀಡಾ ಪತ್ರಕರ್ತರ ಮತ ತೆಗೆದುಕೊಂಡು ಪಟ್ಟಿ ಹಾಕತೊಡಗಿತು. 1950ರಿಂದ ಕೋಚುಗಳ ಪಟ್ಟಿ ಬೇರೆ ಬಂತು. ಎರಡು ಪಟ್ಟಿಯಲ್ಲಿ ಎರಡು ಹೆಸರು ಬಂದರೆ ಆ ವರ್ಷ ಇಬ್ಬರು ಚಾಂಪಿಯನ್ನರು! ಇದರ ಮೇಲೆ ಇನ್ನೊಂದು ವಿಚಿತ್ರ. ಹೊಸ ವರ್ಷದ ಸುಮಾರಿಗೆ ನಡೆಯುವ ದೊಡ್ಡ ‘ಬೌಲ್’ ಪಂದ್ಯಗಳಿಗೆ ಮೊದಲೇ ಪತ್ರಕರ್ತರ ಕೊನೆಯ ಪಟ್ಟಿ ಬಂದುಬಿಡುತ್ತಿತ್ತು. ಪಟ್ಟ ಕಟ್ಟಿಸಿಕೊಂಡವರು ಆಮೇಲೆ ಸೋತರೂ ಪಟ್ಟ ಅವರದ್ದೇ.

ಮೊಮ್ಮಗ ನಕ್ಕದ್ದು ಇದಕ್ಕೇ. ಪಂದ್ಯವನ್ನು ಬದಲಿಸಲಾಗದು, ನಿಜ. ಆದರೆ ಪಟ್ಟವನ್ನು ಮೊದಲಿನಿಂದಲೂ ಯಾರೋ ಕುಳಿತು ಬರೆದದ್ದು ತಾನೇ? ಇವನೂ ಬರೆಯುತ್ತಾನೆ.

ಅವನ ನಿಯಮ ಸರಳ. 1936ರಿಂದ ಪತ್ರಕರ್ತರ ಪಟ್ಟಿಯನ್ನೇ ಹಿಡಿದು ಹೊರಡುವುದು. ಒಂದು ತಂಡಕ್ಕೆ ಒಂದೇ ಸಲ. ಒಮ್ಮೆ ಸಿಕ್ಕಿದ ತಂಡ ಸಾಲಿನಿಂದ ಹೊರಗೆ. ಮುಂದೆ ಅದು ಮೊದಲು ಬಂದ ವರ್ಷ, ಪಟ್ಟಿಯಲ್ಲಿ ಅದರ ಕೆಳಗಿರುವ, ಇನ್ನೂ ಏನೂ ಸಿಗದ ತಂಡಕ್ಕೆ ಪಟ್ಟ. ಮದುವೆ ಮನೆಯ ಪಂಕ್ತಿಯ ಹಾಗೆ. ಉಂಡವರು ಎದ್ದು ಉಣ್ಣದವರಿಗೆ ಎಲೆ ಬಿಟ್ಟುಕೊಡಬೇಕು.

ಮೊದಲ ಪಟ್ಟ 1936ರಲ್ಲಿ ಮಿನೆಸೋಟಕ್ಕೆ. ಆ ತಂಡ 1940, 1941ರಲ್ಲೂ ಮೊದಲು ಬಂತು. ನಮ್ಮವನ ಪುಸ್ತಕದಲ್ಲಿ ಅವೆರಡೂ ಕೈಬಿಟ್ಟವು. 1940 ಸ್ಟ್ಯಾನ್‌ಫರ್ಡ್‌ಗೆ ಹೋಯಿತು. ಆ ತಂಡದ ಕತೆ ಕೇಳಿ ನಾನೇ ಚಪ್ಪಾಳೆ ತಟ್ಟಿದೆ. 1939ರಲ್ಲಿ ಅದು ಗೆದ್ದದ್ದು ಒಂದೇ ಒಂದು ಪಂದ್ಯ. ಮರುವರ್ಷ ಕ್ಲಾರ್ಕ್ ಶಾನೆಸಿ ಎಂಬ ಕೋಚ್ ಬಂದರು. ಅವರು ಅದುವರೆಗೆ ಇದ್ದದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ಆ ತಂಡ 1939ರಲ್ಲಿ ಮಿಷಿಗನ್ ಎದುರು 85-0ರಿಂದ ಸೋತಿತ್ತು. ಆ ವರ್ಷದ ಕೊನೆಗೆ ವಿಶ್ವವಿದ್ಯಾಲಯ ಈ ಆಟವನ್ನೇ ಕೈಬಿಟ್ಟಿತು. ಹಾಗೆ ಕೆಲಸ ಕಳೆದುಕೊಂಡು ಬಂದ ಕೋಚ್, ಹಿಂದಿನ ವರ್ಷ ಒಂದೇ ಗೆಲುವು ಕಂಡ ಹುಡುಗರನ್ನು ಕಟ್ಟಿಕೊಂಡು, ಹತ್ತಕ್ಕೆ ಹತ್ತೂ ಪಂದ್ಯ ಗೆದ್ದರು! ಪತ್ರಕರ್ತರು ಕೊಟ್ಟದ್ದು ಎರಡನೇ ಸ್ಥಾನ.

1941 ಡ್ಯೂಕ್ ವಿಶ್ವವಿದ್ಯಾಲಯಕ್ಕೆ. ಆ ವರ್ಷದ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಪಶ್ಚಿಮ ಕರಾವಳಿಯಲ್ಲಿ ಜನ ಗುಂಪು ಸೇರುವುದು ಅಪಾಯವೆಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಪಂದ್ಯವನ್ನು ಡ್ಯೂಕ್‌ನ ಊರಾದ ಡರ್ಹಮ್‌ಗೇ ಸಾಗಿಸಿದರು. ಮನೆ ಅಂಗಳಕ್ಕೇ ಬಂದ ಆ ಪಂದ್ಯದಲ್ಲಿ ಡ್ಯೂಕ್ 20-16ರಿಂದ ಸೋತಿತು. ಆದರೂ ನಮ್ಮವನ ಲೆಕ್ಕದಲ್ಲಿ ಪಟ್ಟ ಪಟ್ಟವೇ.

1946 ಇನ್ನೂ ಚೆನ್ನಾಗಿದೆ. ಆ ವರ್ಷ ನೋಟರ್ ಡೇಮ್ ಮತ್ತು ಸೈನಿಕ ಕಾಲೇಜಿನ ಆರ್ಮಿ ತಂಡಗಳು ನ್ಯೂಯಾರ್ಕಿನಲ್ಲಿ ಸೆಣಸಿ 0-0 ಎಂದು ಸಮ ಮಾಡಿಕೊಂಡವು. ಕೊನೆಗೆ ಪಟ್ಟಿಯಲ್ಲಿ ಒಂದನೇ, ಎರಡನೇ ಸ್ಥಾನವನ್ನೂ ಅವೇ ಹಂಚಿಕೊಂಡವು. ಬೌಲ್ ಪಂದ್ಯವನ್ನೂ ಸೇರಿಸಿ ಹನ್ನೊಂದಕ್ಕೆ ಹನ್ನೊಂದೂ ಗೆದ್ದ ಜಾರ್ಜಿಯಾ ಮೂರನೆಯದು. ಮೊಮ್ಮಗನ ಪುಸ್ತಕದಲ್ಲಿ ಮೊದಲಿಬ್ಬರಿಗೂ ಆಗಲೇ ಊಟವಾಗಿತ್ತು. ಜಾರ್ಜಿಯಾ ಕೂತಿತು. ಮರುವರ್ಷ ಮಿಷಿಗನ್. ಅದು ರೋಸ್ ಬೌಲ್‌ನಲ್ಲಿ 49-0ರಿಂದ ಗೆದ್ದ ಮೇಲೆ ಪತ್ರಕರ್ತರಿಗೇ ಮುಜುಗರವಾಗಿರಬೇಕು. ವಿಶೇಷ ಮತದಾನ ನಡೆಸಿದರು. ಮಿಷಿಗನ್‌ಗೆ 226, ನೋಟರ್ ಡೇಮ್‌ಗೆ 119. ಆದರೂ ಹಳೆಯ ಪಟ್ಟಿಯೇ ಉಳಿಯಿತು.

1964ಕ್ಕೆ ಬಂದಾಗ ನಾನು ಪೂರ್ತಿ ಅವನ ಪಕ್ಷ. ಆ ವರ್ಷ ಪಟ್ಟ ಅಲಬಾಮಾಕ್ಕೆ. ಆಮೇಲೆ ಆರೆಂಜ್ ಬೌಲ್‌ನಲ್ಲಿ ಅದು ಟೆಕ್ಸಸ್ ಎದುರು 21-17ರಿಂದ ಸೋತಿತು. ಅದೇ ಟೆಕ್ಸಸ್ಸನ್ನು ಅದರ ಊರಿನಲ್ಲೇ 14-13ರಿಂದ ಸೋಲಿಸಿದ್ದ ಆರ್ಕನ್ಸಾ ತಂಡ ಒಂದೂ ಪಂದ್ಯ ಸೋಲದೆ ಹಂಗಾಮು ಮುಗಿಸಿತು. ಪತ್ರಕರ್ತರ ಪಟ್ಟಿಯಲ್ಲಿ ಅದಕ್ಕೆ ಎರಡನೇ ಸ್ಥಾನ. ಹುಡುಗ ಆರ್ಕನ್ಸಾ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದ.

ನಿಯಮ ತಿರುಗಿಬಿದ್ದದ್ದು

1965ರಲ್ಲಿ ಸಣ್ಣದೊಂದು ಅಪಸ್ವರ. ಮೇಲಿನ ನಾಲ್ಕೂ ತಂಡಗಳಿಗೆ ಹಿಂದೆಯೇ ಸಿಕ್ಕಿದ್ದರಿಂದ ಐದನೆಯ ನೆಬ್ರಾಸ್ಕಕ್ಕೆ ಪಟ್ಟ. ಆ ತಂಡ ಬೌಲ್ ಪಂದ್ಯದಲ್ಲಿ ಮೊದಲ ಸ್ಥಾನದ ಅಲಬಾಮಾ ಎದುರೇ ಸೋತಿತ್ತು. “ಪರವಾಗಿಲ್ಲ ಬಿಡಜ್ಜ” ಎಂದ.

ಮರುದಿನ 1966. ಆ ಸಾಲು ತುಂಬಿಸುವಾಗ ಅಡುಗೆಮನೆಯಲ್ಲಿದ್ದ ನಮಗೆಲ್ಲ ಅವನ ಕೂಗು ಕೇಳಿಸಿತು.

1966ರ ನವೆಂಬರ್ 19ರಂದು ಈಸ್ಟ್ ಲ್ಯಾನ್ಸಿಂಗ್ ಊರಿನಲ್ಲಿ ನೋಟರ್ ಡೇಮ್ ಮತ್ತು ಮಿಷಿಗನ್ ಸ್ಟೇಟ್ ಎದುರಾದವು. ಎರಡೂ ಅಲ್ಲಿಯವರೆಗೆ ಸೋತಿರಲಿಲ್ಲ. ನೋಡಲು ಸೇರಿದವರು ಎಂಬತ್ತು ಸಾವಿರ. ಮಿಷಿಗನ್ ಸ್ಟೇಟ್ 10-0 ಮುಂದಿತ್ತು. ನೋಟರ್ ಡೇಮ್ ಬೆನ್ನಟ್ಟಿ 10-10 ಮಾಡಿತು. ಕೊನೆಯ ನಿಮಿಷದಲ್ಲಿ ಚೆಂಡು ನೋಟರ್ ಡೇಮ್ ಕೈಯಲ್ಲಿತ್ತು. ಅದರ ಕೋಚ್ ಆರಾ ಪಾರ್ಸೀಗಿಯನ್ ಗೆಲ್ಲಲು ಧೈರ್ಯ ಮಾಡಲಿಲ್ಲ. ಚೆಂಡು ಕಳೆದುಕೊಳ್ಳದಂತೆ ಹೊತ್ತು ತಳ್ಳಿದರು. ಪಂದ್ಯ ಸಮ. ಪಟ್ಟ ನೋಟರ್ ಡೇಮ್‌ಗೆ, ಎರಡನೇ ಸ್ಥಾನ ಮಿಷಿಗನ್ ಸ್ಟೇಟ್‌ಗೆ. ಸೋಲದೆ, ಸಮವೂ ಮಾಡಿಕೊಳ್ಳದೆ ಎಲ್ಲ ಪಂದ್ಯ ಗೆದ್ದ ಅಲಬಾಮಾ ಮೂರನೆಯದು.

ನಮ್ಮ ಹುಡುಗನ ನಿಯಮದಂತೆ ಈ ಮೂರೂ ಹೊರಗೆ. ಮಿಷಿಗನ್ ಸ್ಟೇಟ್‌ಗೆ 1952ರಲ್ಲೇ ಊಟವಾಗಿತ್ತು. ನಾಲ್ಕನೆಯ ಜಾರ್ಜಿಯಾಕ್ಕೆ 1946ರಲ್ಲಿ ಆಯಿತು. ಐದನೆಯ ಯುಸಿಎಲ್‌ಎಗೆ 1954ರಲ್ಲಿ. ಆರನೆಯ ನೆಬ್ರಾಸ್ಕಕ್ಕೆ ನಿನ್ನೆ ತಾನೇ ಕೊಟ್ಟಿದ್ದಾನೆ. ಉಳಿದದ್ದು ಏಳನೆಯ ಪರ್ಡ್ಯೂ. ಆ ವರ್ಷ ಪರ್ಡ್ಯೂ ತಂಡವನ್ನು ನೋಟರ್ ಡೇಮ್ 26-14ರಿಂದಲೂ ಮಿಷಿಗನ್ ಸ್ಟೇಟ್ 41-20ರಿಂದಲೂ ಸೋಲಿಸಿದ್ದವು!

“ಅಪ್ಪನ ಟೀಮು ಇವರನ್ನು ಸೋಲಿಸಿತ್ತು ಅಜ್ಜ. ಇವರು ಹೇಗೆ ಚಾಂಪಿಯನ್ ಆಗುತ್ತಾರೆ?” ಎಂದು ಪೆನ್ಸಿಲು ಎಸೆದ. “ನಿಯಮ ಮಾಡಿದ್ದು ಯಾರಪ್ಪ?” ಎಂದು ಅವನ ಅಜ್ಜಿ ಹೇಳಬಾರದಿತ್ತು. ಹೇಳಿಬಿಟ್ಟಳು.

ಆಗ ಅಳಿಯ ಹೇಳಿದ ಸಂಗತಿ ಕೇಳಿ ನನಗೆ ಆಶ್ಚರ್ಯವಾಯಿತು. ಮೊಮ್ಮಗನ ಆಟದಂಥದೇ ನಿಯಮ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತಂತೆ. ಮಿಷಿಗನ್ ಸ್ಟೇಟ್ ಇದ್ದ ‘ಬಿಗ್ ಟೆನ್’ ಕೂಟದಲ್ಲಿ ಒಂದೇ ತಂಡ ಎರಡು ವರ್ಷ ಸಾಲಾಗಿ ರೋಸ್ ಬೌಲ್‌ಗೆ ಹೋಗುವಂತಿರಲಿಲ್ಲ. ಬೇರೆಯವರಿಗೂ ಅವಕಾಶ ಸಿಗಲಿ ಎಂಬ ಒಳ್ಳೆಯ ಮನಸ್ಸಿನ ನಿಯಮ. 1965ರ ಹಂಗಾಮಿನಲ್ಲಿ ಹೋಗಿಬಂದಿದ್ದ ಮಿಷಿಗನ್ ಸ್ಟೇಟ್ 1966ರಲ್ಲಿ ಸೋಲದಿದ್ದರೂ ಮನೆಯಲ್ಲೇ ಉಳಿಯಿತು. ಅದರ ಬದಲು ಹೋದದ್ದು ಅದರ ಕೈಯಲ್ಲಿ ಸೋತಿದ್ದ ಪರ್ಡ್ಯೂ. ಹೋಗಿ 14-13ರಿಂದ ಗೆದ್ದೂ ಬಂತು. 1970ರ ದಶಕದ ಆರಂಭದಲ್ಲಿ ಆ ನಿಯಮವನ್ನು ಕೈಬಿಟ್ಟರು. ಪರ್ಡ್ಯೂ ಹುಡುಗರಿಗೆ ಅದು ಬಾಳಿನ ದೊಡ್ಡ ದಿನವಾಗಿದ್ದಿರಬೇಕು. ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅವರು ಕೂತ ಎಲೆ ಇನ್ನೊಬ್ಬರದಾಗಿತ್ತು.

ಆ 1966ರ ಮಿಷಿಗನ್ ಸ್ಟೇಟ್ ತಂಡದ ಬಗ್ಗೆ ಮಕ್ಕಳು ತಿಳಿಯಬೇಕಾದ ಇನ್ನೊಂದು ಮಾತಿದೆ. ಆಗ ದಕ್ಷಿಣದ ರಾಜ್ಯಗಳ ದೊಡ್ಡ ಕಾಲೇಜುಗಳು ಕಪ್ಪು ಹುಡುಗರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದದ್ದೇ ಅಪರೂಪ. ಕೋಚ್ ಡಫಿ ಡಾಹರ್ಟಿ ಅಂಥ ಹುಡುಗರನ್ನು ಉತ್ತರಕ್ಕೆ ಕರೆತಂದರು. ಬುಬ್ಬಾ ಸ್ಮಿತ್ ಬಂದದ್ದು ಟೆಕ್ಸಸ್‌ನಿಂದ, ಜಾರ್ಜ್ ವೆಬ್‌ಸ್ಟರ್ ದಕ್ಷಿಣ ಕೆರೊಲಿನಾದಿಂದ, ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ರೇ ಉತ್ತರ ಕೆರೊಲಿನಾದಿಂದ. ಅಲಬಾಮಾ ತಂಡದಲ್ಲಿ ಆಗ ಒಬ್ಬನೂ ಕಪ್ಪು ಆಟಗಾರನಿರಲಿಲ್ಲ. ಎಲ್ಲ ಪಂದ್ಯ ಗೆದ್ದೂ ಮೂರನೆಯ ಸ್ಥಾನ ಬಂತಲ್ಲ ಎಂದು ಅಲಬಾಮಾದವರು ಇಂದಿಗೂ ಕೊರಗುತ್ತಾರೆ. ಅನ್ಯಾಯವೇ ಇರಬಹುದು. ಆದರೆ ಅಂಗಳಕ್ಕೇ ಬಿಡದ ಹುಡುಗರ ಲೆಕ್ಕವನ್ನು ಯಾವ ಕಾಲಂನಲ್ಲಿ ಬರೆಯುವುದು? ಕಪ್ಪು ಜನರ ಕಾಲೇಜುಗಳಿಗೆ ಬೇರೆಯೇ ಪಟ್ಟವಿತ್ತು; 1920ರಿಂದ ‘ಪಿಟ್ಸ್‌ಬರ್ಗ್ ಕೂರಿಯರ್’ ಪತ್ರಿಕೆ ಅದನ್ನು ಘೋಷಿಸುತ್ತಿತ್ತು. ಲೂಸಿಯಾನದ ಗ್ರಾಂಬ್ಲಿಂಗ್ ಕಾಲೇಜಿನ ಕೋಚ್ ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗೆ 408 ಪಂದ್ಯ ಗೆಲ್ಲಿಸಿದರು. ಮೊಮ್ಮಗನ ಪುಸ್ತಕದಲ್ಲಿ ಆ ಹೆಸರು ಹುಡುಕಿದೆ, ಇರಲಿಲ್ಲ. ಅವನು ಹಿಡಿದು ಹೊರಟ ಪಟ್ಟಿಯ ಮೇಲ್ತುದಿಯಲ್ಲಿ ಅದು ಇದ್ದರೆ ತಾನೇ?

ಮುಚ್ಚಿದ ಪುಸ್ತಕ ತೆರೆದವರು

ಹಳೆಯ ಪಟ್ಟವನ್ನು ಮರಳಿ ಹಂಚುವ ಆಟವನ್ನು ಮಕ್ಕಳು ಮಾತ್ರ ಆಡುವುದಿಲ್ಲ, ವಿಶ್ವವಿದ್ಯಾಲಯಗಳೇ ಆಡುತ್ತವೆ. 1980ರ ದಶಕದಲ್ಲಿ ಅಲಬಾಮಾ ತನ್ನ ಹಳೆಯ ಐದು ವರ್ಷಗಳನ್ನು ಚಾಂಪಿಯನ್ ಪಟ್ಟಿಗೆ ಸೇರಿಸಿಕೊಂಡಿತು. ಅದರಲ್ಲಿ 1941ನೆಯದೂ ಒಂದು. ಆ ವರ್ಷ ತಂಡ ಎರಡು ಪಂದ್ಯ ಸೋತಿತ್ತು, ಪತ್ರಕರ್ತರ ಪಟ್ಟಿಯಲ್ಲಿ ಇಪ್ಪತ್ತನೆಯದು! ಯಾವುದೋ ಒಂದು ಲೆಕ್ಕದ ಸೂತ್ರ ಅದನ್ನು ಮೊದಲು ಎಂದಿತ್ತು, ಅಷ್ಟೇ ಸಾಕಾಯಿತು. 2012ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡ 1919, 1927ನ್ನು ಸೇರಿಸಿಕೊಂಡಿತು. 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ಹದಿಮೂರಕ್ಕೆ ಹದಿಮೂರೂ ಗೆದ್ದಿತು. ಅಂತಿಮ ಸುತ್ತಿನ ನಾಲ್ಕು ತಂಡಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಫೈನಲ್ ಆಡಿದ ಅಲಬಾಮಾ, ಜಾರ್ಜಿಯಾ ಎರಡನ್ನೂ ಆ ಹಂಗಾಮಿನಲ್ಲಿ ಸೋಲಿಸಿದ್ದ ಆಬರ್ನ್ ತಂಡವನ್ನೇ ಇವರು ಸೋಲಿಸಿದರು. ಆಮೇಲೆ ತಾವೇ ಚಾಂಪಿಯನ್ ಎಂದು ಸಾರಿ ಮೆರವಣಿಗೆ ಮಾಡಿಕೊಂಡರು. ದೇಶವೆಲ್ಲ ನಕ್ಕಿತು. ಆದರೆ ಖಗೋಳವಿಜ್ಞಾನಿ ವೆಸ್ಲಿ ಕಾಲಿ ಮಾಡಿದ ಗಣಕ ಪಟ್ಟಿ ಅವರನ್ನೇ ಮೊದಲು ಎಂದಿತು. ಎನ್‌ಸಿಎಎ ದಾಖಲೆ ಪುಸ್ತಕದಲ್ಲೂ ಅದು ಅಚ್ಚಾಗಿದೆ. 2024ರಿಂದ ಕೊನೆಯ ಸುತ್ತಿಗೆ ಹನ್ನೆರಡು ತಂಡ. ಈಗ ಇಂಥ ಜಗಳ ಕಡಿಮೆಯಾಗಬಹುದು, ನಿಂತೇಹೋಗುತ್ತದೆಂಬ ನಂಬಿಕೆ ನನಗಿಲ್ಲ. ಹದಿಮೂರನೆಯವನು ಇದ್ದೇ ಇರುತ್ತಾನೆ.

ಬ್ಯಾಂಕಿನಲ್ಲಿ ನಮಗೊಂದು ಕಟ್ಟುಪಾಡಿತ್ತು. ಮುಗಿದ ವರ್ಷದ ಪುಸ್ತಕದಲ್ಲಿ ಕೆರೆದು ಬರೆಯಬಾರದು. ತಪ್ಪು ಸಿಕ್ಕಿದರೆ ಇವತ್ತಿನ ತಾರೀಖಿನಲ್ಲಿ, ಕಾರಣ ಬರೆದು, ಸಹಿ ಹಾಕಿ ಸರಿಪಡಿಸಬೇಕು. ಅಂಥದೊಂದು ನಮೂದು 2016ರಲ್ಲಿ ನಡೆಯಿತು. 1945ರಲ್ಲಿ ಒಂಬತ್ತಕ್ಕೆ ಒಂಬತ್ತೂ ಗೆದ್ದಿದ್ದ ಓಕ್ಲಹೋಮ ಎ ಅಂಡ್ ಎಂ (ಈಗಿನ ಓಕ್ಲಹೋಮ ಸ್ಟೇಟ್) ತಂಡಕ್ಕೆ ಅಮೆರಿಕದ ಫುಟ್‌ಬಾಲ್ ಕೋಚುಗಳ ಸಂಘ ಎಪ್ಪತ್ತೊಂದು ವರ್ಷ ತಡವಾಗಿ ಪಟ್ಟ ಕೊಟ್ಟಿತು. ಪತ್ರಕರ್ತರು ಪಟ್ಟ ಕೊಟ್ಟಿದ್ದ ಆರ್ಮಿ ತಂಡದ ಹೆಸರನ್ನು ಯಾರೂ ಅಳಿಸಲಿಲ್ಲ. ಆದರೆ ಓಕ್ಲಹೋಮ ತಂಡದ ತಾರೆ ಬಾಬ್ ಫೆನಿಮೋರ್ 2010ರಲ್ಲೇ ತೀರಿಕೊಂಡಿದ್ದರು. ಇದನ್ನು ಓದಿ ಹೇಳಿದಾಗ ಮೊಮ್ಮಗ ಕೇಳಿದ, “ಆರು ವರ್ಷ ಮುಂಚೆ ಕೊಡೋಕೆ ಏನಾಗಿತ್ತು ಅವರಿಗೆ?” ನನ್ನ ಹತ್ತಿರ ಉತ್ತರವಿರಲಿಲ್ಲ.

ಇನ್ನು ಆ ‘ನಾಲ್ಕು’.

1940ರ ನವೆಂಬರ್ 16. ಕಾರ್ನೆಲ್ ತಂಡ ಸತತ ಹದಿನೆಂಟು ಪಂದ್ಯ ಸೋಲದೆ ಬಂದಿತ್ತು, ಪತ್ರಕರ್ತರ ಪಟ್ಟಿಯ ಮುಂಚೂಣಿಯಲ್ಲಿತ್ತು. ಅಂದು ಡಾರ್ಟ್‌ಮೌತ್ ಎದುರು 3-0 ಹಿಂದಿತ್ತು. ಕೊನೆಯ ಕ್ಷಣಗಳಲ್ಲಿ ಚೆಂಡನ್ನು ಗೆರೆ ದಾಟಿಸಿ 7-3ರಿಂದ ಗೆದ್ದಿತು. ಆದರೆ ರೆಫರಿಗೆ ಲೆಕ್ಕ ತಪ್ಪಿತ್ತು. ಗೆದ್ದದ್ದು ಐದನೆಯ ಅವಕಾಶದಲ್ಲಿ! ಕಾರ್ನೆಲ್‌ನವರೇ ಪಂದ್ಯದ ಫಿಲ್ಮ್ ಹಾಕಿಕೊಂಡು ನೋಡಿದರು. ಒಂದು, ಎರಡು, ಮೂರು, ನಾಲ್ಕು, ಐದು. ಮುಗಿದ ಪಂದ್ಯದ ಫಲಿತಾಂಶ ಬದಲಿಸುವ ಅಧಿಕಾರ ರೆಫರಿಗೂ ಇರಲಿಲ್ಲ. ಕಾರ್ನೆಲ್‌ನವರು ಡಾರ್ಟ್‌ಮೌತ್‌ಗೆ ತಂತಿ ಕಳಿಸಿದರು: ಗೆಲುವು ನಿಮ್ಮದು. ದಾಖಲೆ 3-0 ಡಾರ್ಟ್‌ಮೌತ್ ಎಂದಾಯಿತು. ಕಾರ್ನೆಲ್‌ನ ಹದಿನೆಂಟು ಪಂದ್ಯಗಳ ಓಟ ಅಲ್ಲಿಗೆ ಮುಗಿಯಿತು. ವರ್ಷದ ಕೊನೆಗೆ ಅದು ಹದಿನೈದನೇ ಸ್ಥಾನಕ್ಕೆ ಇಳಿದಿತ್ತು.

ಐವತ್ತು ವರ್ಷದ ನಂತರ, 1990ರ ಅಕ್ಟೋಬರ್ 6ರಂದು ಅದೇ ತಪ್ಪು ಮತ್ತೆ ನಡೆಯಿತು. ಕೊಲರಾಡೊ ತಂಡ ಐದನೆಯ ಅವಕಾಶದಲ್ಲಿ ಗೆರೆ ದಾಟಿ ಮಿಸೌರಿಯನ್ನು 33-31ರಿಂದ ಸೋಲಿಸಿತು. ಅಧಿಕಾರಿಗಳನ್ನು ಅಮಾನತು ಮಾಡಿದರು, ಫಲಿತಾಂಶ ಹಾಗೇ ಉಳಿಯಿತು. ವರ್ಷದ ಕೊನೆಗೆ ಪತ್ರಕರ್ತರು ಕೊಲರಾಡೊಗೇ ಪಟ್ಟ ಕಟ್ಟಿದರು. ಕೋಚುಗಳ ಪಟ್ಟಿಯಲ್ಲಿ ಒಂದೂ ಪಂದ್ಯ ಸೋಲದ ಜಾರ್ಜಿಯಾ ಟೆಕ್ ಮೊದಲು. ಅಲ್ಲಿ ಅಂಕ ಎಷ್ಟು ಗೊತ್ತೇ? 847ಕ್ಕೆ 846. ಒಂದು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕುಳಿತ ದಿನಗಳು ನೆನಪಾದವು.

ನಾವು ಊರಿಗೆ ಹೊರಡುವ ಹೊತ್ತಿಗೆ ಮೊಮ್ಮಗ ನಿಯಮ ತಿದ್ದಿದ್ದ. ಹೊಸ ನಿಯಮದಲ್ಲಿ ಹಿಂದೆ ಎಷ್ಟು ಸಲ ಸಿಕ್ಕಿದ್ದರೂ ಸೋಲದ ತಂಡವನ್ನು ದಾಟಿ ಕೆಳಗೆ ಹೋಗುವಂತಿಲ್ಲ. ಬೇಕಾದರೆ ಇಬ್ಬರು ಮೂವರು ಹಂಚಿಕೊಳ್ಳಬಹುದು. 1945ರ ಸಾಲಿನಲ್ಲಿ ಈಗ ಓಕ್ಲಹೋಮವೂ ಇದೆ. 1990ರಲ್ಲಿ ಜಾರ್ಜಿಯಾ ಟೆಕ್. ಪುಸ್ತಕದ ಕೊನೆಯಿಂದ ನಾಲ್ಕು ಹಾಳೆ ಗ್ರಾಂಬ್ಲಿಂಗ್‌ನಂಥ ಕಾಲೇಜುಗಳಿಗೆಂದು ಬಿಟ್ಟಿದ್ದಾನೆ, ಇನ್ನೂ ಖಾಲಿ. 1940ರಲ್ಲಿ ಸ್ಟ್ಯಾನ್‌ಫರ್ಡ್ ಹೆಸರಿನ ಜೊತೆ ಮಿನೆಸೋಟವೂ ಮರಳಿ ಬಂದಿದೆ. ಪಕ್ಕದ ಅಂಚಿನಲ್ಲಿ ಸಣ್ಣಗೆ ‘ಡಾರ್ಟ್‌ಮೌತ್ 3, ಕಾರ್ನೆಲ್ 0’ ಎಂದು ಬರೆದು ಸುತ್ತಲೂ ಪೆನ್ಸಿಲಿನಲ್ಲಿ ಚೌಕ ಎಳೆದಿದ್ದಾನೆ. 1966ರಲ್ಲಿ ನೋಟರ್ ಡೇಮ್, ಮಿಷಿಗನ್ ಸ್ಟೇಟ್, ಅಲಬಾಮಾ ಮೂರೂ ಹೆಸರಿವೆ. ಅಲಬಾಮಾದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅದು ಯಾರು ಹಾಕಿದ್ದೆಂದು ಕೇಳಿದೆ.

“ನಾನಲ್ಲ, ಅಪ್ಪ” ಎಂದ.